ಗೋಡೆಗೆ ಬಂದ ಹಳೆಯ ಭೂಪಟ

ಕಣ್ಣಿಗೆ ತೋರಿಸಬೇಕಾದ ವಸ್ತುವನ್ನು ಕಿವಿಗೆ ತೋರಿಸಲು ಹೊರಟಿರುವ ಈ ಸಾಹಸವನ್ನು ಕೇಳುಗರು ಮೊದಲು ಕ್ಷಮಿಸಬೇಕು. ಭೂಪಟದ ವಿಷಯವನ್ನು ಬಾನುಲಿಯಲ್ಲಿ ಹೇಳುವುದೆಂದರೆ ಹೋಳಿಗೆಯ ರುಚಿಯನ್ನು ಕಾಗದದಲ್ಲಿ ಬರೆದು ಕಳುಹಿಸಿದಂತೆ. ಆದರೂ ಒಂದು ಧೈರ್ಯವಿದೆ. ನಾನು ಹೇಳಹೊರಟಿರುವ ಭೂಪಟಗಳನ್ನು ನಿಮ್ಮಲ್ಲಿ ಅನೇಕರು ಕಂಡೇ ಇದ್ದೀರಿ. ಹಳದಿಗಟ್ಟಿದ ಕಾಗದ, ಕಂದುಬಣ್ಣದ ಶಾಯಿ, ಸಮುದ್ರದಲ್ಲಿ ಹಾಯಿಹಡಗು, ಮೂಲೆಯಲ್ಲಿ ಎಂಟು ದಿಕ್ಕಿನ ಹೂವು: ಈಚಿನ ವರ್ಷಗಳಲ್ಲಿ ಹೋಟೆಲಿನ ಹಜಾರಗಳಲ್ಲಿ, ವೈದ್ಯರ ಕೋಣೆಗಳಲ್ಲಿ, ಹೊಸ ಮನೆಗಳ ಪಡಸಾಲೆಗಳಲ್ಲಿ ಇಂಥವು ತಪ್ಪದೆ ಕಾಣಿಸಿಕೊಳ್ಳುತ್ತಿವೆ. ಇವು ಹಳೆಯ ಭೂಪಟಗಳಲ್ಲ, ಹಳೆಯ ಭೂಪಟಗಳ ಹೊಸ ಅಚ್ಚುಗಳು.

ಗೋಡೆಗೆ ಅಚ್ಚಿನ ಚಿತ್ರ ಹಾಕುವುದು ನಮಗೆ ಹೊಸದೇನಲ್ಲ. ರಾಜಾ ರವಿವರ್ಮ ತಮ್ಮ ಚಿತ್ರಗಳಿಗಾಗಿ ಮುದ್ರಣಾಲಯ ತೆರೆದದ್ದು 1894ರಲ್ಲಿ. ಆ ಮೇಲೆ ಲಕ್ಷ್ಮಿಯೂ ಸರಸ್ವತಿಯೂ ಅಚ್ಚಿನ ರೂಪದಲ್ಲಿಯೇ ನಮ್ಮ ಅಜ್ಜಿಯರ ದೇವರ ಗೂಡಿಗೆ ಬಂದರು. ಮೂಲಚಿತ್ರ ಯಾವ ಅರಮನೆಯಲ್ಲಿದೆಯೆಂದು ಯಾವ ಅಜ್ಜಿಯೂ ಕೇಳಲಿಲ್ಲ. ಬೇಲೂರಿನ ದೇವಾಲಯದ ಮುಂದೆ ಬಳಪದ ಕಲ್ಲಿನ ಪುಟ್ಟ ದರ್ಪಣಸುಂದರಿಯನ್ನು ಕೊಂಡು ಮನೆಯ ಕಪಾಟಿನಲ್ಲಿಡುವವರು ಇದೇ ನಿಜವಾದ ಮದನಿಕೆ ಎಂದು ಭ್ರಮಿಸುವುದಿಲ್ಲ. ನಕಲು ನಕಲೆಂದೇ ಬಂದಾಗ ಅದರಲ್ಲಿ ಮೋಸವಿಲ್ಲ, ಪ್ರೀತಿ ಮಾತ್ರ ಇದೆ. ತೊಂದರೆ ಬರುವುದು ನಕಲು ಅಸಲಿನ ವೇಷ ಹಾಕಿದಾಗ. ಆ ಪಾಠವನ್ನು ನಾನು ಹಣ ಕೊಟ್ಟು ಕಲಿತೆ.

ಕೆಲವು ವರ್ಷಗಳ ಹಿಂದೆ ದೊಡ್ಡ ನಗರವೊಂದಕ್ಕೆ ಹೋಗಿದ್ದಾಗ ಹಳೆಯ ವಸ್ತುಗಳ ಅಂಗಡಿಯೊಂದನ್ನು ಹೊಕ್ಕೆ. ಅಂಗಡಿಯ ಹೆಸರು ಇಲ್ಲಿ ಬೇಡ. ಅಲ್ಲಿ ಕಂಡದ್ದು ಏಬ್ರಹಾಂ ಆರ್ಟೀಲಿಯಸ್ ಎಂಬಾತ 1570ರಲ್ಲಿ ಆಂಟ್ವರ್ಪ್ ನಗರದಲ್ಲಿ ಪ್ರಕಟಿಸಿದ ಪೂರ್ವದೇಶಗಳ ಭೂಪಟ. ಅವನ ಆ ಗ್ರಂಥವನ್ನೇ ಆಧುನಿಕ ಕಾಲದ ಮೊದಲ ಅಟ್ಲಾಸ್ ಎನ್ನುತ್ತಾರೆ; ಮೊದಲ ಆವೃತ್ತಿಯಲ್ಲಿ 53 ಹಾಳೆಗಳಿದ್ದವು. ಅಂಗಡಿಯವನು ಹೆಚ್ಚು ಮಾತಾಡಲಿಲ್ಲ. ‘ತುಂಬ ಹಳೇದು ಸಾರ್, ಹಳೇ ಬಂಗಲೆಯಿಂದ ಬಂದದ್ದು’ ಎಂದಷ್ಟೇ ಹೇಳಿದ. ಬಂಗಲೆ ಹಳೆಯದೋ ಕಾಗದ ಹಳೆಯದೋ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಒಂದು ತಿಂಗಳ ಪಿಂಚಣಿಯಲ್ಲಿ ದೊಡ್ಡ ಪಾಲನ್ನು ತೆತ್ತು, ಸುರುಳಿ ಮಾಡಿಸಿಕೊಂಡು, ಮಗುವನ್ನು ಎತ್ತಿಕೊಂಡವನಂತೆ ರೈಲಿನಲ್ಲಿ ಅರಸೀಕೆರೆಗೆ ತಂದೆ.

ಕಟ್ಟು ಹಾಕಿಸಲೆಂದು ನಮ್ಮ ಪೇಟೆಯಲ್ಲಿ ದೇವರಪಟಗಳಿಗೆ ಗಾಜು ಹಾಕುವವರ ಬಳಿಗೆ ಹೋದೆ. ಆತ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿ, ನಡುವಿನ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿ, ಮತ್ತೊಮ್ಮೆ ಆಡಿಸಿ, ನನ್ನ ಮುಖ ನೋಡಿದರು. ‘ಮೇಷ್ಟ್ರೇ, ಮಡಿಕೆ ಕಣ್ಣಿಗೆ ಐತೆ, ಕೈಗೆ ಇಲ್ಲ’ ಎಂದರು. ನಾನೂ ಆಡಿಸಿ ನೋಡಿದೆ. ನಿಜ. ಕಾಗದ ನಡುವೆ ಮಡಿಸಿದಂತೆ ಒಂದು ಕಂದುಗೆರೆ ಇತ್ತು, ಗೆರೆಯ ಕೆಳಗೆ ಮಡಿಕೆ ಇರಲಿಲ್ಲ. ಮಡಿಕೆಯ ಚಿತ್ರವನ್ನೂ ಅಚ್ಚು ಹಾಕಿದ್ದರು! ಆಮೇಲೆ ಆತ ಭೂತಗನ್ನಡಿ ಕೊಟ್ಟು, ‘ನೋಡಿ, ನಮ್ಮ ಕ್ಯಾಲೆಂಡರಿನ ಜಾತಿನೇ’ ಎಂದರು. ಸಮುದ್ರದ ತೆಳುಹಸಿರು ಕನ್ನಡಿಯ ಕೆಳಗೆ ನೀಲಿ, ಹಳದಿ, ಕೆಂಪು, ಕಪ್ಪು ಚುಕ್ಕೆಗಳಾಗಿ ಒಡೆದುಹೋಯಿತು. ಯಾರನ್ನೂ ದೂರುವಂತಿರಲಿಲ್ಲ, ರಸೀತಿಯಲ್ಲಿ ‘ಭೂಪಟ ಒಂದು’ ಎಂದಷ್ಟೇ ಬರೆದಿತ್ತು.

ಆ ಅವಮಾನದಿಂದಲೇ ನಾನು ಅಸಲು ಹೇಗಿರುತ್ತದೆಂದು ಓದತೊಡಗಿದ್ದು. ತಿಳಿದದ್ದು ನಮ್ಮ ಸೀಮೆಯವರಿಗೆ ಬಹಳ ಹತ್ತಿರದ ಸಂಗತಿ.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಯುರೋಪಿನ ಒಳ್ಳೆಯ ಭೂಪಟಗಳೆಲ್ಲ ಬಹುಮಟ್ಟಿಗೆ ತಾಮ್ರದ ತಗಡಿನಲ್ಲಿ ಕೊರೆದವು. ತಗಡನ್ನು ನಯಮಾಡಿ, ಮೊನೆಯಾದ ಉಕ್ಕಿನ ಉಳಿಯಿಂದ ನದಿ, ಬೆಟ್ಟ, ಊರಿನ ಹೆಸರು ಎಲ್ಲವನ್ನೂ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಂಡಂತೆ, ಕೊರೆಯಬೇಕು. ಶಾಯಿಯನ್ನು ಮೆತ್ತಿ ಮೇಲ್ಮೈಯನ್ನು ಒರೆಸಿಬಿಟ್ಟರೆ ಕೊರೆದ ಗೆರೆಗಳಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಒದ್ದೆಮಾಡಿದ ಕಾಗದವನ್ನು ಅದರ ಮೇಲಿಟ್ಟು ಉರುಳೆಗಳ ನಡುವೆ ಬಲವಾಗಿ ಒತ್ತಿದಾಗ ಕಾಗದ ಆ ಗೆರೆಗಳೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಆದ್ದರಿಂದ ಅಸಲು ಭೂಪಟದ ಗೆರೆ ಬೆರಳಿಗೆ ತುಸು ಉಬ್ಬಾಗಿ ತಾಗುತ್ತದೆ. ತಗಡಿನ ಅಂಚು ಒತ್ತಿದ ಕಡೆ ಕಾಗದದ ಸುತ್ತ ಒಂದು ತಗ್ಗಿನ ಚೌಕ ಬಿದ್ದಿರುತ್ತದೆ. ಬಣ್ಣವನ್ನು ಆಮೇಲೆ ಕುಂಚದಿಂದ ಕೈಯಲ್ಲೇ ತುಂಬುತ್ತಿದ್ದರು. ಅದರಲ್ಲಿ ಚುಕ್ಕೆಗಳಿರುವುದಿಲ್ಲ, ಗೆರೆ ಮೀರಿ ಹರಿದ ಬಣ್ಣವಿರುತ್ತದೆ. ಕೈತಯಾರಿಕೆಯ ಕಾಗದವನ್ನು ಬೆಳಕಿಗೆ ಹಿಡಿದರೆ ಜಾಲರಿಯ ತಂತಿಗಳ ಗುರುತು ಸಾಲುಸಾಲಾಗಿ ಕಾಣುತ್ತದೆ. ಆರ್ಟೀಲಿಯಸನ ಹಾಳೆಯ ಬೆನ್ನಿನ ಮೇಲಂತೂ ಆ ದೇಶದ ವಿವರಣೆ ಲ್ಯಾಟಿನ್ನಿನಲ್ಲೋ ಬೇರೆ ಭಾಷೆಯಲ್ಲೋ ಅಚ್ಚಾಗಿರುತ್ತದೆ. ನನ್ನ ಹಾಳೆಯ ಬೆನ್ನು ಬಿಳಿಯ ಗೋಡೆಯಂತೆ ಖಾಲಿಯಾಗಿತ್ತು.

ತಾಮ್ರದಲ್ಲಿ ಭೂಮಿಯ ಎಲ್ಲೆ ಕೊರೆಯುವುದೆಂದರೆ ನಮಗೆ ನೆನಪಾಗುವುದು ತಾಮ್ರಶಾಸನ. ದತ್ತಿಬಿಟ್ಟ ಭೂಮಿಗೆ ನಾಲ್ಕು ದಿಕ್ಕಿನಲ್ಲಿ ಯಾವ ಹುತ್ತ, ಯಾವ ಹುಣಿಸೆಮರ, ಯಾವ ನೆಟ್ಟಕಲ್ಲು, ಯಾವ ಕೆರೆಯ ಕೋಡಿ ಎಂದು ಹೇಳುತ್ತ ಹೋಗುವ ಆ ಭಾಗವನ್ನು ವಿದ್ಯಾರ್ಥಿಗಳು ಬೇಸರದಿಂದ ದಾಟಿಬಿಡುತ್ತಾರೆ. ನಾನೂ ದಾಟಿದ್ದೆ. ಈಗ ನೋಡಿದರೆ ಅದು ಮಾತಿನಲ್ಲಿ ಬರೆದ ಭೂಪಟ. ಲೂಯಿಸ್ ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಶಾಸನಗಳನ್ನು ಈ ಕಣ್ಣಿನಿಂದ ಓದಿದರೆ ಇಡೀ ಸೀಮೆ ನಡೆದು ನೋಡಿದಂತಾಗುತ್ತದೆ.

ಇನ್ನೂ ಒಂದು ಹೋಲಿಕೆ ಇದೆ. ಹಳೆಯ ಭೂಪಟಗಳ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಬ್ಬನ ಹೆಸರೂ ಅದರ ಮುಂದೆ ‘ಸ್ಕಲ್ಪ್ಸಿಟ್’ ಎಂಬ ಲ್ಯಾಟಿನ್ ಮಾತೂ ಇರುವುದುಂಟು. ಹಾಗೆಂದರೆ ‘ಕೆತ್ತಿದವನು’ ಎಂದರ್ಥ. ಶಿಲ್ಪಕ್ಕೆ ಇಂಗ್ಲಿಷರು ಹೇಳುವ ಮಾತಿನ ಮೂಲವೂ ಅದೇ ಧಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಮಾಡಿದ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದಿಟ್ಟದ್ದನ್ನು ನೀವು ಕಂಡಿದ್ದೀರಿ. ಮಲ್ಲಿತಮ್ಮನ ಹೆಸರು ಎಷ್ಟು ಗುಡಿಗಳಲ್ಲಿ! ದೊರೆಯ ಹೆಸರಿನ ನೆರಳಿನಲ್ಲಿ ಕೆಲಸಗಾರ ತನ್ನ ಹೆಸರನ್ನೂ ಒಂದು ಮೂಲೆಯಲ್ಲಿ ಉಳಿಸಿಕೊಳ್ಳುವ ಈ ಆಸೆ ಲಂಡನ್ನಿನಲ್ಲೂ ಒಂದೇ, ಹೊಯ್ಸಳ ನಾಡಿನಲ್ಲೂ ಒಂದೇ. ಗೃಹಾಲಂಕಾರದ ಅಚ್ಚುಗಳನ್ನು ತಯಾರಿಸುವವರು ಅಂದಕ್ಕೆಂದು ಅಂಚು ಕತ್ತರಿಸುವಾಗ ಮೊದಲು ಕತ್ತರಿಸಿ ಎಸೆಯುವುದು ಈ ಹೆಸರನ್ನೇ. ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಕೆತ್ತಿದವನ ಹೆಸರೂ ವರ್ಷವೂ ಉಳಿದಿರುವ ನಕಲು ಒಳ್ಳೆಯ ನಕಲು.

ಮೋಸ ಹೋದೆನೆಂದು ಹಾಳೆಯನ್ನು ಎಸೆದೆನೆ? ಇಲ್ಲ. ಕಟ್ಟು ಹಾಕಿಸಿ ಪಡಸಾಲೆಗೇ ತಗುಲಿಸಿದೆ, ಓದತೊಡಗಿದೆ. ಸಮುದ್ರದಲ್ಲಿ ಮತ್ಸ್ಯಕನ್ಯೆಯರಿದ್ದಾರೆ. ಆ ಕಾಲದ ಯುರೋಪಿನ ಚಿತ್ರಕಾರರು ಅವರ ಕೈಗೆ ಕನ್ನಡಿ ಕೊಡುವುದು ರೂಢಿಯಾಗಿತ್ತೆಂದು ಓದಿದಾಗ ನಮ್ಮ ದರ್ಪಣಸುಂದರಿಗೆ ದೂರದ ನಂಟರು ಸಿಕ್ಕಿದರಲ್ಲಾ ಎಂದು ನಗು ಬಂತು. ಪಶ್ಚಿಮ ಕರಾವಳಿಯಲ್ಲಿ ಗೋವೆ, ಕಲ್ಲಿಕೋಟೆ ಇವೆ. ಒಳನಾಡಿನಲ್ಲಿ ‘ನರಸಿಂಗ’ ಎಂಬ ರಾಜ್ಯವಿದೆ. ಅದು ವಿಜಯನಗರ. ಪೋರ್ಚುಗೀಸರು ಬಂದದ್ದು 1498ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಆಳಿದ ಸಾಳುವ ನರಸಿಂಹನ ಹೆಸರೇ ಅವರ ಬಾಯಲ್ಲಿ ರಾಜ್ಯದ ಹೆಸರಾಗಿ ನಿಂತಿತ್ತು. ಈ ಭೂಪಟ ಅಚ್ಚಾಗುವ ಐದು ವರ್ಷ ಮೊದಲೇ, 1565ರಲ್ಲಿ, ತಾಳಿಕೋಟೆಯ ಯುದ್ಧ ನಡೆದು ಹಂಪೆ ಹಾಳಾಗಿತ್ತು. ಆಂಟ್ವರ್ಪಿನ ಕೆತ್ತನೆಯವನಿಗೆ ಆ ಸುದ್ದಿ ಇಲ್ಲ. ಆತ ಮಾತ್ರವಲ್ಲ, ಮುಂದಿನ ಶತಮಾನದ ಕೆತ್ತನೆಯವರೂ ಹಿಂದಿನವರ ತಗಡು ನೋಡಿ ನರಸಿಂಗವನ್ನು ಕೊರೆಯುತ್ತಲೇ ಇದ್ದರು. ಅಂದರೆ ನಾವು ಅಸಲೆಂದು ಪೂಜಿಸುವ ಭೂಪಟವೇ ಎಷ್ಟೋ ಪಾಲು ನಕಲು! ನನ್ನ ಪಿಂಚಣಿಯ ದುಃಖಕ್ಕೆ ಇದು ಅಲ್ಪ ಸಮಾಧಾನವನ್ನು ಕೊಟ್ಟಿತು.

ಅರಸೀಕೆರೆ, ಬೇಲೂರು, ಹಳೇಬೀಡು? ಮೂರೂ ಅದರಲ್ಲಿ ಇಲ್ಲ. ಇರಲು ಕಾರಣವೂ ಇರಲಿಲ್ಲ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದಾಗಲಾಗಲಿ, 1220ರ ಸುಮಾರಿಗೆ ಅರಸೀಕೆರೆಯ ಶಿವಾಲಯ ಎದ್ದಾಗಲಾಗಲಿ ಯುರೋಪಿನಲ್ಲಿ ಅಚ್ಚಿನ ಭೂಪಟವೆಂಬುದೇ ಇರಲಿಲ್ಲ. ಯುರೋಪಿನಲ್ಲಿ ಭೂಪಟಗಳು ಅಚ್ಚಾಗತೊಡಗಿದ್ದು ಹದಿನೈದನೆಯ ಶತಮಾನದ ಕೊನೆಯಲ್ಲಿ. ದೋರಸಮುದ್ರಕ್ಕೆ ಮಲಿಕ್ ಕಾಫರನ ದಂಡು ಬಂದದ್ದು 1311ರಲ್ಲಿ. ಅಚ್ಚು ಬರುವ ಹೊತ್ತಿಗೆ ರಾಜಧಾನಿ ‘ಹಳೆಯ ಬೀಡು’ ಆಗಿಹೋಗಿತ್ತು. ಕನ್ನಡ ನಾಡಿನಲ್ಲಿ ಈ ಭಾಗ್ಯ ಮೊದಲು ಪಡೆದವುಗಳಲ್ಲಿ ಬನವಾಸಿ ಒಂದು. ಎರಡನೆಯ ಶತಮಾನದ ಟಾಲೆಮಿಯ ಪಟ್ಟಿಯಲ್ಲಿ ಅದರ ಹೆಸರಿದ್ದುದರಿಂದ ಟಾಲೆಮಿಯ ಭೂಪಟಗಳು ಅಚ್ಚಾದಾಗ ತಾನೂ ಅವುಗಳೊಡನೆ ಬಂತು.

ನಮ್ಮ ಒಳನಾಡು ಭೂಪಟದಲ್ಲಿ ತುಂಬತೊಡಗಿದ್ದು ದಂಡಿನ ಕಾಲ್ತುಳಿತದಿಂದ. ಜೇಮ್ಸ್ ರೆನೆಲ್ ಎಂಬಾತ 1782ರಲ್ಲಿ ಪ್ರಕಟಿಸಿದ ಹಿಂದೂಸ್ತಾನದ ಭೂಪಟ ಈಗ ಗೃಹಾಲಂಕಾರಕ್ಕೆ ಬಹಳ ಬೇಡಿಕೆಯದು. ಬಂಗಾಳವನ್ನು ಆತ ಸ್ವತಃ ಅಳೆದಿದ್ದ. ದಕ್ಷಿಣಕ್ಕೆ ಬಂದಾಗ ಸೈನ್ಯ ನಡೆದ ದಾರಿಗಳನ್ನೂ ಪ್ರಯಾಣಿಕರ ಬರಹಗಳನ್ನೂ ನೆಚ್ಚಬೇಕಾಯಿತು. ಟಿಪ್ಪುವಿನ ಮೇಲೆ 1790–91ರಲ್ಲಿ ನಡೆದ ದಂಡಯಾತ್ರೆಗಳ ದಾರಿಯನ್ನೂ ಆತನೇ ಮುಂದೆ ಭೂಪಟ ಮಾಡಿದ. 1782ರ ಭೂಪಟದ ಮೂಲೆಯಲ್ಲಿ ಒಂದು ಸುಂದರ ಚಿತ್ರವಿದೆ. ಬ್ರಿಟನ್ನಿನ ಸಂಕೇತವಾದ ಒಬ್ಬ ದೇವಿ ನಿಂತಿದ್ದಾಳೆ. ನಮ್ಮ ಪಂಡಿತರು ಬಾಗಿ ತಮ್ಮ ಧರ್ಮಗ್ರಂಥಗಳನ್ನು ಅವಳ ಆಶ್ರಯಕ್ಕೆ ಒಪ್ಪಿಸುತ್ತಿದ್ದಾರೆ. ಪರಿಚಿತರೊಬ್ಬರ ಪಡಸಾಲೆಯಲ್ಲಿ, ಸೋಫಾದ ಮೇಲ್ಗಡೆ, ಇದರ ದೊಡ್ಡ ಅಚ್ಚನ್ನು ಕಂಡೆ. ಮನೆಯವರಿಗೆ ಆ ಚಿತ್ರ ಏನೆಂದು ತಿಳಿದಿರಲಿಲ್ಲ. ಬಣ್ಣ ಪರದೆಗೆ ಹೊಂದುತ್ತದೆಂದು ತಂದಿದ್ದರು. ತೆಗೆದುಹಾಕಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಗೆದ್ದವರು ತಮ್ಮನ್ನು ಹೇಗೆ ಕಾಣಲು ಬಯಸಿದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ದಿನವೂ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಯಾರು ಯಾರಿಗೆ ಬಾಗಿದ್ದಾರೆಂಬುದು ಮನೆಯ ಮಕ್ಕಳಿಗಾದರೂ ತಿಳಿದಿರಬೇಕು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಕಾಲಿನ್ ಮೆಕೆಂಜಿಗೆ ಬಂತು. ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಹುಟ್ಟಿದ ಈತನ ವಿಷಯದಲ್ಲಿ ನನಗೆ ಮೃದುಭಾವವಿದೆಯೆಂದು ಒಪ್ಪಿಕೊಳ್ಳುತ್ತೇನೆ. ದಂಡಿಗೆ ಬೇಕಾದ ದಾರಿ, ಕೋಟೆ, ನೀರುಗಳಷ್ಟನ್ನೇ ಗುರುತಿಸಿ ಆತ ಸುಮ್ಮನಾಗಲಿಲ್ಲ. ಊರೂರಿನ ಶಾಸನ, ಕೈಫಿಯತ್ತು, ಐತಿಹ್ಯಗಳನ್ನು ಕೂಡಿಸಿದ. ಕೂಡಿಸಿಕೊಟ್ಟವರು ನಮ್ಮವರು: ಕಾವಲಿ ಬೊರ್ರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರದಲ್ಲಿ ಕೆಂಪುಕೋಟಿನ ಸಾಹೇಬನ ಸುತ್ತ ಸಹಾಯಕರೂ ನಿಂತಿದ್ದಾರೆ, ದೂರದ ಬೆಟ್ಟದ ಮೇಲೆ ಗೊಮ್ಮಟನಿದ್ದಾನೆ. ಇದೇ ವರ್ಷಗಳಲ್ಲಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ನೇರಗೆರೆಯನ್ನು ಸರಪಳಿಯಿಂದ ಅಳೆದು, 1802ರಲ್ಲಿ ಮದರಾಸಿನಲ್ಲಿ ಮತ್ತೆ ಅಳೆದು, ಅಲ್ಲಿಂದ ಪಶ್ಚಿಮ ಸಮುದ್ರದ ಮಂಗಳೂರಿನವರೆಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆದ. ಇವರ ಅಳತೆಗಳ ಮೇಲೆ ನಿಂತ, ಲಂಡನ್ನಿನ ಆರೋಸ್ಮಿತ್ 1822ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಅಟ್ಲಾಸಿನಲ್ಲಿ ಮತ್ಸ್ಯಕನ್ಯೆಯರಿಲ್ಲ. ಸೌಂದರ್ಯ ಕಡಿಮೆಯಾಯಿತು, ಸತ್ಯ ಹೆಚ್ಚಿತು ಎನ್ನಬಹುದು. ಹೆಸರುಗಳ ಮಟ್ಟಿಗೆ ಮಾತ್ರ ಈ ಮಾತು ನಿಲ್ಲುವುದಿಲ್ಲ. ಶ್ರೀರಂಗಪಟ್ಟಣ ‘ಸೆರಿಂಗಪಟಮ್’ ಆಯಿತು, ಚಿತ್ರದುರ್ಗ ‘ಚಿಟಲ್‌ಡ್ರೂಗ್’ ಆಯಿತು. ಹಳೇಬೀಡನ್ನು ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳು ‘ಹುಲ್ಲಬೀಡ್’ ಎಂದವು, ಹುಲ್ಲು ಬೆಳೆದ ಬೀಡೆಂಬಂತೆ. ಆಗಿನ ಸ್ಥಿತಿಗೆ ಅದು ತಪ್ಪಾಗಿಯೂ ಇರಲಿಲ್ಲವೇನೋ.

ಇಷ್ಟು ಓದಿದ ಮೇಲೆ ನನಗೆ ನಮ್ಮ ಮೂರು ಊರುಗಳೂ ಇರುವ ಒಂದು ಭೂಪಟ ಗೋಡೆಗೆ ಬೇಕೆನಿಸಿತು. ಅಕ್ಕನ ಮಗ ಎಂಜಿನಿಯರು. ‘ಮಾವ, ಮತ್ಸ್ಯಕನ್ಯೆ ಸಾಕು, ಸರ್ವೆ ಹಾಳೆ ಹಾಕಿಸಿ’ ಎಂದ. ಭಾರತೀಯ ಸರ್ವೇಕ್ಷಣಾ ಇಲಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಲಿಗೆ ಒಂದು ಅಂಗುಲದಂತೆ ಹೊರಡಿಸಿದ ಹಾಳೆಗಳು ಈಗ ಅಂತರಜಾಲದ ಗ್ರಂಥಭಂಡಾರಗಳಲ್ಲಿ ದೊರೆಯುತ್ತವೆ. ಅವನ್ನು ಒಳ್ಳೆಯ ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ ತಂದ. ಆಗ ಒಂದು ವಿಚಿತ್ರ ತಿಳಿಯಿತು. 76ನೆಯ ರೇಖಾಂಶ ಹಳೇಬೀಡಿನ ಪೂರ್ವಕ್ಕೆ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಇಲಾಖೆಯ ಹಾಳೆಗಳ ಅಂಚು ಅದೇ. ಬೇಲೂರು, ಹಳೇಬೀಡುಗಳು 48ನೆಯ ಸಂಖ್ಯೆಯ ಗುಂಪಿನಲ್ಲಿ, ಅರಸೀಕೆರೆ 57ರಲ್ಲಿ. ಹೊಯ್ಸಳರು ಒಂದಾಗಿ ಆಳಿದ ಸೀಮೆಯನ್ನು ಹಾಳೆ ಎರಡು ಮಾಡಿತ್ತು. ನಮ್ಮ ಕಟ್ಟು ಹಾಕುವವರು ಅಂಚು ಕತ್ತರಿಸಿ, ರಸ್ತೆಗೆ ರಸ್ತೆ, ಹಳ್ಳಕ್ಕೆ ಹಳ್ಳ ಕೂಡುವಂತೆ ಅಂಟಿಸಲು ಎರಡು ದಿನ ತೆಗೆದುಕೊಂಡರು.

ನಮ್ಮ ತಾಯಿಯ ತವರು ಜಾವಗಲ್ಲಿಗೂ ಹಳೇಬೀಡಿಗೂ ನಡುವಣ ಸಣ್ಣ ಹಳ್ಳಿ. ಅದು ಸರಿಯಾಗಿ ಆ ಅಂಟಿನ ಸಾಲಿನ ಮೇಲೆಯೇ ಬಿತ್ತು. ದೊಡ್ಡಮ್ಮನಿಗೆ ಆಗ ಎಂಬತ್ತು ದಾಟಿತ್ತು, ಅಕ್ಷರ ಬಾರದು. ಭೂಪಟವೆಂದರೇನೆಂದು ಅವರಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅವರು ಹತ್ತಿರ ಬಂದು, ‘ಈ ನೀಲಿ ಏನೋ ಮಗಾ?’ ಎಂದರು. ‘ಕೆರೆ ದೊಡ್ಡಮ್ಮ, ನಿಮ್ಮೂರ ಕೆರೆ.’ ‘ಹಂಗಾರೆ ಏರಿ ಈ ಕಡೆ. ಇಲ್ಲಿ ತೂಬು.’ ಬೆರಳು ಗಾಜಿನ ಮೇಲೆ ಸರಿಯಿತು. ‘ಮೇಗಲ ಕೆರೆ ಕೋಡಿ ಬಿದ್ರೆ ನೀರು ಹಿಂಗೆ ಬಳಸ್ಕೊಂಡು ಬರ್ತಿತ್ತು ಕಣೋ, ನಾವು ಕಾಲುವೇಲಿ ಮೀನು ಹಿಡೀತಿದ್ವು.’ ಅವರ ಬೆರಳು ಹೋದದ್ದು ತೆಳ್ಳನೆಯ ನೀಲಿಗೆರೆಯ ಮೇಲೆಯೇ. ಆ ಗೆರೆಯನ್ನು ನಾನು ಅದುವರೆಗೆ ಗಮನಿಸಿರಲಿಲ್ಲ.

ಈಗ ಆ ಕಾಲುವೆ ಇಲ್ಲ. ಒಂದಿಷ್ಟು ದೂರ ತೆಂಗಿನ ತೋಟ, ಒಂದಿಷ್ಟು ದೂರ ನಿವೇಶನಗಳು. ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಇಳಿಯುವ ದಾರಿ ಮುಚ್ಚಿದ್ದರಿಂದ ಒಳ್ಳೆಯ ಮಳೆಯಾದ ವರ್ಷವೂ ಊರ ಕೆರೆ ಅರ್ಧ ತುಂಬುವುದಿಲ್ಲ. ಕೊಳವೆಬಾವಿಗಳು ಆಳಕ್ಕೆ ಹೋಗಿವೆ, ತೆಂಗಿನ ಸುಳಿ ಒಣಗುತ್ತಿದೆ. ಕಾಲುವೆ ಎಂದೂ ಇರಲಿಲ್ಲವೆಂದು ವಾದಿಸುವವರು ಊರಿನಲ್ಲಿದ್ದಾರೆ, ಅವರಲ್ಲಿ ನಮ್ಮ ನೆಂಟರೂ ಇದ್ದಾರೆ. ನಮ್ಮ ಸೀಮೆಯ ಹೆಸರುಗಳನ್ನೇ ನೋಡಿ: ಅರಸಿಯ ಕೆರೆ, ದೋರಸಮುದ್ರ. ನೀರು ಕಟ್ಟಿದವರು ತಮ್ಮ ಊರಿಗೆ ನೀರಿನ ಹೆಸರಿಟ್ಟರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ಆ ಗುಡಿಗಳ ಸುತ್ತಲ ಕೆರೆಗಳಿಗೆ ಅಂಥ ಪಟ್ಟಿ ಯಾವುದೂ ಇಲ್ಲ. ಈ ಹಳೆಯ ಹಾಳೆಗಳಿವೆ.

ಅಕ್ಕನ ಮಗ ಅದೇ ಹಾಳೆಯ ಇನ್ನೊಂದು ಪ್ರತಿ ತೆಗೆಸಿ ಊರಿನ ಪಂಚಾಯಿತಿ ಕಚೇರಿಗೆ ಕೊಟ್ಟ. ಅದನ್ನು ಅವರು ಗೋಡೆಗೆ ಹಾಕಿದ್ದಾರೆ. ವಾದ ಮುಗಿದಿಲ್ಲ, ಆದರೆ ಈಗ ಎಲ್ಲರೂ ಅದರ ಮುಂದೆ ನಿಂತು ವಾದಿಸುತ್ತಾರಂತೆ.

ಮನೆಗೆ ಇಂಥದನ್ನು ತರುವವರಿಗೆ ಒಂದೆರಡು ಕೈಕೆಲಸದ ಮಾತು. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ನನ್ನ ಆರ್ಟೀಲಿಯಸನ ಸಮುದ್ರ ಒಂದೇ ಬೇಸಗೆಯಲ್ಲಿ ಬೆಳ್ಳಗಾಯಿತು. ಕಾಗದ ಗಾಜಿಗೆ ತಗುಲಬಾರದು, ನಡುವೆ ದಪ್ಪ ರಟ್ಟಿನ ಅಂಚು ಇರಲಿ. ಆ ರಟ್ಟು ಆಮ್ಲವಿಲ್ಲದ್ದಾಗಿರಲಿ, ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಸುತ್ತಲೂ ಕಂದುಗಟ್ಟುತ್ತದೆ. ಅರಸೀಕೆರೆಯ ಒಣಹವೆಯಲ್ಲಿ ಧೂಳಿನ ಕಾಟ, ಮಲೆನಾಡ ಸೆರಗಿನ ಬೇಲೂರಿನಲ್ಲಿ ಮಳೆಗಾಲದ ಬೂಷ್ಟಿನ ಕಾಟ. ಬೇಲೂರಿನವರು ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗೆ ಬೆಣೆ ಇಟ್ಟು ಗೋಡೆಯಿಂದ ಬೆರಳಷ್ಟು ದೂರ ನಿಲ್ಲಿಸಬೇಕು. ಚಹಾದ ನೀರಿನಲ್ಲಿ ಅದ್ದಿ ಹಳದಿಮಾಡಿದ ಕಾಗದವನ್ನು ದಯವಿಟ್ಟು ಕೊಳ್ಳಬೇಡಿ. ಬಿಳಿಯ ಕಾಗದದ ಮೇಲಿನ ಹಳೆಯ ಭೂಪಟಕ್ಕೆ ಯಾವ ಕುಂದೂ ಇಲ್ಲ.

ದೊಡ್ಡಮ್ಮ ಬಂದಾಗಲೆಲ್ಲ ಕೈ ಎತ್ತಿ ಎತ್ತಿ ಸೋಲುತ್ತಿದ್ದುದರಿಂದ ಸರ್ವೆ ಹಾಳೆಯ ಮೊಳೆಯನ್ನು ಒಂದು ಮೊಳ ಕೆಳಗೆ ಹೊಡೆಸಿದೆ. ಆರ್ಟೀಲಿಯಸ್ ಈಗ ಮಹಡಿಯ ಮೆಟ್ಟಿಲ ಬಳಿ ಇದ್ದಾನೆ. ನಾಳೆ ಮೊಮ್ಮಕ್ಕಳು ಅದನ್ನು ಅಸಲೆಂದು ಮಾರಹೊರಟು ನನ್ನಂತೆ ನಗೆಗೀಡಾಗದಿರಲೆಂದು, ಅದರ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಿಂದ ‘ನಕಲು’ ಎಂದು ಬರೆದು, ಕೊಂಡ ವರ್ಷವನ್ನೂ ಕೊಟ್ಟ ಬೆಲೆಯನ್ನೂ ಕೆಳಗೆ ಹಾಕಿಟ್ಟಿದ್ದೇನೆ.